ಮನೆಯವರ ನಡುವೆಯೇ ನಾವು ನಾವಾಗುವುದು

ಹೊರಗೆ ಹತ್ತಾರು ಜನರನ್ನು ನಿಭಾಯಿಸುವವರು, ಯಾರ ಮುಂದೆಯೂ ತಡವರಿಸದೆ ಮಾತಾಡುವವರು, ಅಪ್ಪ ಅಮ್ಮನ ಎದುರು ಕೂತ ಅರ್ಧ ಗಂಟೆಯಲ್ಲೇ ಮತ್ತೆ ಚಿಕ್ಕ ಮಕ್ಕಳಾಗಿಬಿಡುತ್ತಾರೆ. ಅದೇ ಮುನಿಸು, ಅದೇ ಸಮಜಾಯಿಷಿ, ಅದೇ ಸಿಡುಕು. ವಯಸ್ಸು ಮೂವತ್ತೈದೋ ನಲವತ್ತೋ ಆಗಿದ್ದರೂ ಅಷ್ಟೇ. ಅಮ್ಮನ ದನಿ ಸ್ವಲ್ಪ ಇಳಿದರೆ ಸಾಕು, ಎದೆಯಲ್ಲಿ ಏನೋ ಬಿಗಿಯುತ್ತದೆ. ಅಪ್ಪ ಪೇಪರ್ ಮಡಚಿಟ್ಟು ಸುಮ್ನೆ ಒಂದು ಸಲ ನೋಡಿದರೆ ಸಾಕು, ಗಟ್ಟಿ ಮನಸ್ಸು ಮಾಡಿದ್ದ ವಿಷಯವೂ ಅಲ್ಲಾಡಲು ಶುರುವಾಗುತ್ತದೆ.

ಇಂಥ ಹೊತ್ತಿನಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಎರಡೇ. ಒಬ್ಬರು "ಹೆತ್ತವರು ತಾನೇ, ಹೊಂದಿಕೊಂಡು ಹೋಗು" ಅನ್ನುತ್ತಾರೆ. ಇನ್ನೊಬ್ಬರು "ನಿನ್ನ ಬದುಕು ನಿನ್ನದು, ದೂರ ಇದ್ದುಬಿಡು" ಅನ್ನುತ್ತಾರೆ. ಎರಡರ ಹಿಂದೆಯೂ ಇರುವುದು ಒಂದೇ ಲೆಕ್ಕ: ಹತ್ತಿರ ಇರಬೇಕಾದರೆ ನಮ್ಮತನ ಬಿಡಬೇಕು, ನಮ್ಮತನ ಬೇಕಾದರೆ ಹತ್ತಿರದವರನ್ನು ಬಿಡಬೇಕು. ಈ ಲೆಕ್ಕವೇ ತಪ್ಪು ಅಂತ ನಾನು ನಂಬಿದ್ದೇನೆ. ಮನೆಯಿಂದ ಎಷ್ಟು ದೂರ ಇದ್ದೇವೆ ಅನ್ನುವುದರಲ್ಲಿ ನಮ್ಮತನ ಕಾಣುವುದಿಲ್ಲ. ಮನೆಯವರ ಪಕ್ಕದಲ್ಲಿ ಕೂತಾಗ ನಮ್ಮೊಳಗೆ ಏನಾಗುತ್ತದೆ ಅನ್ನುವುದರಲ್ಲಿ ಕಾಣುತ್ತದೆ.

ಇದರ ಬಗ್ಗೆ ತಲೆ ಕೆಡಿಸಿಕೊಂಡ ಚಿಂತಕರು ಕಳೆದ ನೂರು ವರ್ಷಗಳಲ್ಲಿ ಬಹಳ ಜನ. ಅವರಲ್ಲಿ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಒಬ್ಬರು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್. ಅವರು ನೋಡಿದ್ದು ಜನರ ನಡುವೆ ನಡೆಯುವುದನ್ನು. ಇನ್ನೊಬ್ಬರು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. ಅವರು ನೋಡಿದ್ದು ಒಬ್ಬೊಬ್ಬರ ಒಳಗೆ ನಡೆಯುವುದನ್ನು.

ವಾರ್ಡಿಗೆ ಬಂದ ಕುಟುಂಬಗಳು

ಬೋವೆನ್ 1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಗೆ ಸೇರಿದರು. ಅಲ್ಲಿ ಅವರು ಅದುವರೆಗೆ ಹೆಚ್ಚು ಯಾರೂ ಮಾಡದ ಕೆಲಸ ಮಾಡಿದರು. ಸ್ಕಿಜೋಫ್ರೀನಿಯಾ, ಅಂದರೆ ಭ್ರಮೆ ಹುಟ್ಟಿಸುವ ತೀವ್ರ ಮಾನಸಿಕ ಕಾಯಿಲೆ, ಇದ್ದ ರೋಗಿಗಳ ಜೊತೆ ಅವರ ತಾಯಂದಿರನ್ನೂ ವಾರ್ಡಿನಲ್ಲೇ ಇರಿಸಿಕೊಂಡರು. ಆಮೇಲೆ ತಂದೆಯರೂ, ಒಡಹುಟ್ಟಿದವರೂ ಬಂದು ಉಳಿದರು. ಹೀಗೆ ಇಡೀ ಕುಟುಂಬ ಹಗಲೂ ರಾತ್ರಿ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು.

ಅವರಿಗೆ ಕಂಡದ್ದು ಇದು. ಒಬ್ಬರ ಆತಂಕ ಒಬ್ಬರಲ್ಲೇ ನಿಲ್ಲುತ್ತಿರಲಿಲ್ಲ. ತಾಯಿಗೆ ಕಳವಳ ಆದರೆ ಸ್ವಲ್ಪ ಹೊತ್ತಿಗೆ ಅದು ಮಗನ ಮೈಯಲ್ಲಿ ಕಾಣುತ್ತಿತ್ತು. ಮಗ ತಳಮಳಿಸತೊಡಗಿದಂತೆ ತಾಯಿ ಸಮಾಧಾನವಾಗುತ್ತಿದ್ದರು. ಒಬ್ಬರಿಗೊಬ್ಬರು ತೀರಾ ಹತ್ತಿರ ಬರುತ್ತಿದ್ದರು, ಉಸಿರುಕಟ್ಟಿದಂತಾಗಿ ದೂರ ಸರಿಯುತ್ತಿದ್ದರು, ಮತ್ತೆ ಹತ್ತಿರ ಬರುತ್ತಿದ್ದರು. ಯಾರ ಭಾವನೆ ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟವಾಗಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕುಟುಂಬದ ರೀತಿಯಿಂದಲೇ ಸ್ಕಿಜೋಫ್ರೀನಿಯಾ ಬರುತ್ತದೆ ಅನ್ನುವ ಅಂದಿನ ಊಹೆಯನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಅದು ಮೆದುಳಿಗೆ, ವಂಶವಾಹಿಗೆ ಆಳವಾದ ನಂಟಿರುವ ಕಾಯಿಲೆ. ಆ ಊಹೆಯಿಂದ ಎಷ್ಟೋ ತಾಯಂದಿರು ಸುಮ್ಮನೆ ಅಪರಾಧಭಾವ ಹೊತ್ತರು. ಆದರೆ ಆ ವಾರ್ಡಿನಲ್ಲಿ ಕಂಡ ಭಾವನೆಗಳ ಹರಿದಾಟ ಮಾತ್ರ ನಿಜವಾಗಿತ್ತು. ಬೋವೆನ್ ಆಮೇಲೆ ಯಾವ ಕಾಯಿಲೆಯೂ ಇಲ್ಲದ ಕುಟುಂಬಗಳನ್ನು ನೋಡಿದಾಗ ಅಲ್ಲೂ ಅದೇ ಕಂಡಿತು. ತೀವ್ರತೆ ಕಡಿಮೆ, ಅಷ್ಟೇ. 1959ರಿಂದ 1990ರಲ್ಲಿ ತೀರಿಕೊಳ್ಳುವವರೆಗೆ ಅವರು ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಇದನ್ನೇ ಬೆಳೆಸಿದರು.

ಅವರ ವಿಚಾರದ ನಡುಗಂಬ 'ಡಿಫರೆನ್ಸಿಯೇಷನ್ ಆಫ್ ಸೆಲ್ಫ್'. ಸರಳವಾಗಿ ಹೇಳಿದರೆ, ಇತರರ ಜೊತೆ ಗಾಢವಾಗಿ ಸೇರಿಕೊಂಡಿದ್ದರೂ ಅವರ ಭಾವನೆಯಲ್ಲಿ ಕರಗಿಹೋಗದೆ, ತನ್ನ ಯೋಚನೆ ತನ್ನದಾಗಿ ಉಳಿಸಿಕೊಳ್ಳುವ ಶಕ್ತಿ. ಇದನ್ನು ವಿವರಿಸಲು ಅವರು ಸೊನ್ನೆಯಿಂದ ನೂರರವರೆಗಿನ ಒಂದು ಅಳತೆಪಟ್ಟಿ ಕಲ್ಪಿಸಿದರು. ಯಾರಿಗೋ ಅಂಕ ಕೊಡಲು ಮಾಡಿದ್ದಲ್ಲ ಅದು. ನಮ್ಮೆಲ್ಲರಲ್ಲೂ ಇರುವುದು ಇದೇ ಗುಣ, ಪ್ರಮಾಣ ಮಾತ್ರ ಬೇರೆ ಅಂತ ತೋರಿಸಲು ಮಾಡಿದ್ದು. ನೂರಕ್ಕೆ ನೂರು ಇರುವ ಮನುಷ್ಯ ಕಲ್ಪನೆಯಲ್ಲಿ ಮಾತ್ರ.

ಫೋನಿನಲ್ಲಿ ಎರಡು ಕ್ಷಣ

ಇದು ದಿನದ ಬದುಕಿನಲ್ಲಿ ಹೇಗೆ ಕಾಣುತ್ತದೆ ಅಂತ ಒಂದು ಫೋನ್ ಕರೆಯಲ್ಲಿ ನೋಡೋಣ. ಮಗಳು ಅಮ್ಮನಿಗೆ ಕರೆ ಮಾಡಿದ್ದಾಳೆ.

"ಅಮ್ಮ, ಈ ಸಲ ರಜೆಗೆ ಬರೋಕೆ ಆಗಲ್ಲ."

ಆ ಕಡೆಯಿಂದ ಎರಡು ಕ್ಷಣ ಮಾತಿಲ್ಲ. ಆಮೇಲೆ, "ಆಯ್ತು ಬಿಡು. ನಿನ್ನಿಷ್ಟ. ನಾವೇನು ಹೇಳೋಕಾಗುತ್ತೆ."

ಬೈಗುಳ ಇಲ್ಲ, ಒತ್ತಾಯ ಇಲ್ಲ. ಆದರೂ ಮಗಳ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ. ಯೋಚನೆ ಶುರುವಾಗುವ ಮೊದಲೇ ಮೈ ಉತ್ತರ ಕೊಟ್ಟಿದೆ. ಈಗ ಅವಳು ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾಡುತ್ತಾಳೆ. "ಇಲ್ಲಮ್ಮ, ನೋಡ್ತೀನಿ, ಹೇಗಾದ್ರೂ ಮಾಡಿ ಬರ್ತೀನಿ" ಅಂತ ಮಾತು ಹಿಂತೆಗೆದುಕೊಳ್ಳುತ್ತಾಳೆ, ಆಮೇಲೆ ವಾರವಿಡೀ ಒಳಗೊಳಗೇ ಕುದಿಯುತ್ತಾಳೆ. ಇಲ್ಲವೇ "ಯಾವಾಗ್ಲೂ ಹೀಗೇ ಮಾಡ್ತೀಯಾ ನೀನು, ನನ್ನ ಕಷ್ಟ ನಿನಗೆ ಅರ್ಥಾನೇ ಆಗಲ್ಲ" ಅಂತ ಸಿಡಿಯುತ್ತಾಳೆ. ಅದೂ ಅಲ್ಲದಿದ್ದರೆ ಯಾವುದೋ ಸುಳ್ಳು ನೆಪ ಹೇಳಿ ಫೋನ್ ಇಟ್ಟು, ಮುಂದೆ ಕರೆ ಮಾಡುವುದನ್ನೇ ಕಡಿಮೆ ಮಾಡುತ್ತಾಳೆ.

ಹೊರಗಿನಿಂದ ನೋಡಿದರೆ ಮೊದಲನೆಯದು ವಿಧೇಯತೆ, ಎರಡನೆಯದು ಬಂಡಾಯ, ಮೂರನೆಯದು ಸ್ವಾತಂತ್ರ್ಯ. ಒಳಗೆ ಮೂರೂ ಒಂದೇ. ಅಮ್ಮನ ಬೇಸರವನ್ನು ತನ್ನ ಮೈಯಲ್ಲಿ ತಡೆದುಕೊಳ್ಳಲು ಆಗುತ್ತಿಲ್ಲ. ಅದು ಬೇಗ ಹೋಗಬೇಕು. ಒಪ್ಪಿಕೊಂಡರೆ ಹೋಗುತ್ತದೆ, ಜಗಳವಾಡಿದರೆ ಹೋಗುತ್ತದೆ, ಓಡಿದರೆ ಹೋಗುತ್ತದೆ. ಬಂಡಾಯ ಎದ್ದವರು ತಮ್ಮನ್ನು ತಾವು ತುಂಬಾ ಸ್ವತಂತ್ರರು ಅಂದುಕೊಳ್ಳುತ್ತಾರೆ. ಅಪ್ಪ ಏನು ಹೇಳುತ್ತಾರೋ ಅದಕ್ಕೆ ಉಲ್ಟಾ ಮಾಡುವವನ ಬದುಕನ್ನೂ ಕೊನೆಗೆ ಅಪ್ಪನೇ ನಡೆಸುತ್ತಿರುತ್ತಾರೆ, ಅಲ್ವಾ?

ನಾಲ್ಕನೆಯ ದಾರಿ ಒಂದಿದೆ. ಕೇಳಲು ಸುಲಭ, ಮಾಡಲು ಬಹಳ ಕಷ್ಟ.

"ನಿನಗೆ ಬೇಜಾರಾಯ್ತು ಅಂತ ಗೊತ್ತಾಗ್ತಿದೆ ಅಮ್ಮ. ನನಗೂ ನಿನ್ನ ನೋಡ್ಬೇಕು ಅಂತ ಇದೆ. ಆದ್ರೆ ಈ ಸಲ ಬರಲ್ಲ. ಮುಂದಿನ ತಿಂಗಳು ಬರ್ತೀನಿ."

ಇಷ್ಟು ಹೇಳಿ ಅವಳು ಫೋನ್ ಇಡುವುದಿಲ್ಲ. ಅಮ್ಮ ಮೌನವಾಗಿದ್ದರೆ ಆ ಮೌನದಲ್ಲಿ ತಾನೂ ಇರುತ್ತಾಳೆ. ಹತ್ತು ಕಾರಣ ಕೊಡುವುದಿಲ್ಲ. ಕಾರಣದ ಮೇಲೆ ಕಾರಣ ಕೊಡುವುದು ಅಂದರೆ ಒಪ್ಪಿಗೆ ಬೇಡುವುದೇ. ಸ್ವಲ್ಪ ಹೊತ್ತಿನ ಮೇಲೆ ಅಮ್ಮನ ಮಂಡಿನೋವಿನ ಬಗ್ಗೆಯೋ ಬೇರೆ ಯಾವುದರ ಬಗ್ಗೆಯೋ ನಿಜವಾದ ಕಾಳಜಿಯಿಂದ ಕೇಳುತ್ತಾಳೆ. ಅಮ್ಮನ ಬೇಸರ ಅಮ್ಮನದು. ಅದನ್ನು ಗೌರವಿಸಬಹುದು, ಅದರ ಪಕ್ಕ ಕೂರಬಹುದು. ಅದನ್ನು ಅಳಿಸಿಹಾಕುವ ಕೆಲಸ ಮಗಳದಲ್ಲ.

ಬೋವೆನ್ ಇದನ್ನು 'ನಾನು' ಅನ್ನುವ ನೆಲೆಯಿಂದ ಮಾತಾಡುವುದು ಅನ್ನುತ್ತಿದ್ದರು. ನೀನು ಹೀಗೆ, ನೀವೆಲ್ಲ ಹಾಗೆ ಅಂತ ಆರೋಪ ಇಲ್ಲ. ನಾನು ಇದನ್ನು ಮಾಡುತ್ತೇನೆ, ಇದನ್ನು ಮಾಡುವುದಿಲ್ಲ, ನನ್ನ ನಿಲುವು ಇದು. ಅವರ ಪ್ರಕಾರ ನಮ್ಮೊಳಗೆ ಎರಡು ಭಾಗ ಇವೆ. ಒಂದು, ನಾವೇ ಯೋಚಿಸಿ, ಬದುಕಿ ನೋಡಿ ಕಟ್ಟಿಕೊಂಡ ಗಟ್ಟಿ ಭಾಗ. ಇನ್ನೊಂದು, ಸುತ್ತಲಿನವರ ಮೆಚ್ಚುಗೆಗಾಗಿ ತೊಟ್ಟುಕೊಂಡ ಎರವಲು ಭಾಗ. ಎರಡನೆಯದು ಹೊಗಳಿಕೆಗೆ ಉಬ್ಬುತ್ತದೆ, ಟೀಕೆಗೆ ಕುಗ್ಗುತ್ತದೆ. ಹೆಚ್ಚಿನವರಲ್ಲಿ ಎರವಲೇ ಜಾಸ್ತಿ. ನಮ್ಮದು ಅಂತ ಬಲವಾಗಿ ವಾದಿಸುವ ಎಷ್ಟೋ ಅಭಿಪ್ರಾಯಗಳು ಈ ಎರವಲಿನ ಗಂಟಿನಿಂದ ಬಂದವೇ.

ದೂರ ಹೋದರೆ ಮುಗಿಯಿತೇ?

ಓಡಿಹೋಗುವ ದಾರಿಗೂ ಬೋವೆನ್ ಹೆಸರು ಕೊಟ್ಟಿದ್ದರು: 'ಎಮೋಷನಲ್ ಕಟ್‌ಆಫ್', ಭಾವನೆಯ ಕೊಂಡಿ ಕತ್ತರಿಸಿಕೊಳ್ಳುವುದು. ಇದಕ್ಕೆ ಸಾವಿರ ಮೈಲಿ ದೂರ ಹೋಗಬೇಕಾಗಿಲ್ಲ. ಒಂದೇ ಮನೆಯಲ್ಲಿದ್ದು ಹವಾಮಾನ, ಕರೆಂಟ್ ಬಿಲ್, ಟಿವಿ ಬಿಟ್ಟು ಬೇರೇನೂ ಮಾತಾಡದೆ ಹತ್ತು ವರ್ಷ ಕಳೆಯಬಹುದು. ಕತ್ತರಿಸಿಕೊಂಡ ತಕ್ಷಣ ಹಾಯ್ ಅನ್ನಿಸುತ್ತದೆ. ಆ ನೆಮ್ಮದಿ ಸುಳ್ಳೇನಲ್ಲ. ಆದರೆ ತೀರದೆ ಉಳಿದದ್ದು ಬೇರೆ ಜಾಗ ಹುಡುಕಿಕೊಳ್ಳುತ್ತದೆ. ಅಪ್ಪನ ಜೊತೆ ಮಾತು ಬಿಟ್ಟವನಿಗೆ ಪ್ರತಿಯೊಬ್ಬ ಮೇಲಧಿಕಾರಿಯಲ್ಲೂ ಅಪ್ಪ ಕಾಣಿಸುತ್ತಾರೆ. ಅಮ್ಮನಿಂದ ಸಿಗದ್ದನ್ನೆಲ್ಲ ಹೆಂಡತಿಯೋ ಗಂಡನೋ ತುಂಬಿಕೊಡಬೇಕು ಅನ್ನುವ ಭಾರ ಹೊಸ ಸಂಸಾರದ ಮೇಲೆ ಬೀಳುತ್ತದೆ. ಅಥವಾ ಹುಟ್ಟಿದ ಮಗುವಿನ ಮೇಲೆ.

ಮಗುವಿನ ಮಾತು ಬಂತು. 'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು' ಅಂತ ನಮ್ಮಲ್ಲಿ ಗಾದೆ ಇದೆ. ಬೋವೆನ್ ಹೇಳಿದ ತ್ರಿಕೋನದ ವಿಚಾರ ಇಷ್ಟೇ. ಇಬ್ಬರ ನಡುವೆ ಬಿಸಿ ಏರಿದಾಗ ಅವರು ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಎಳೆದುಕೊಂಡರೆ ಇಬ್ಬರಿಗೂ ಸ್ವಲ್ಪ ಹಗುರ. ಅಮ್ಮ ಮಗನ ಹತ್ತಿರ ಕೂತು "ನಿಮ್ಮಪ್ಪನಿಗೆ ನನ್ನ ಮೇಲೆ ಒಂಚೂರೂ ಕಾಳಜಿ ಇಲ್ಲ ನೋಡು" ಅನ್ನುತ್ತಾರೆ. ಮಗ ಅಮ್ಮನ ಪರ ನಿಂತು ಅಪ್ಪನ ಮೇಲೆ ಕೆಂಡ ಕಾರುತ್ತಾನೆ. ಮಾರನೇ ದಿನ ನೋಡಿದರೆ ಅಪ್ಪ ಅಮ್ಮ ಇಬ್ಬರೂ ಸೇರಿ "ಇವನಿಗೆ ಈಚೆಗೆ ಕೋಪ ಜಾಸ್ತಿಯಾಗಿದೆ" ಅಂತ ಮಾತಾಡಿಕೊಳ್ಳುತ್ತಿರುತ್ತಾರೆ. ಮಗನಿಗೆ ತಾನೇನು ತಪ್ಪು ಮಾಡಿದೆ ಅಂತಲೇ ಗೊತ್ತಾಗುವುದಿಲ್ಲ. ಅವನು ಮಾಡಿದ್ದು ಇಷ್ಟೇ: ಅವರಿಬ್ಬರ ನಡುವಿನ ಬಿಸಿಯನ್ನು ತಾನು ಹೊತ್ತದ್ದು.

ಹೊರಬರುವ ದಾರಿ ಇಬ್ಬರನ್ನೂ ಬಿಡುವುದಲ್ಲ, ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಹತ್ತಿರ ಇರುವುದು. "ಅಮ್ಮ, ಇದನ್ನ ಅಪ್ಪನಿಗೇ ಹೇಳಿದ್ದೀಯಾ? ನಾನು ಅವರ ಜೊತೆಗೂ ಚೆನ್ನಾಗಿರ್ಬೇಕು, ನಿನ್ನ ಜೊತೆಗೂ ಚೆನ್ನಾಗಿರ್ಬೇಕು" ಅಂತ ಮೆತ್ತಗೆ ಹೇಳುವುದು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸದಿಂದ ನಿವೃತ್ತಿ ತೆಗೆದುಕೊಳ್ಳುವುದು. ಹೀಗೆ ಮಾಡಿದವರು ಮೊದಲಿಗೆ ಇಬ್ಬರಿಗೂ ಬೇಡವಾಗುತ್ತಾರೆ. ಅದು ತಾತ್ಕಾಲಿಕ.

ಒಂದೇ ಮನೆಯ ಮಕ್ಕಳು ಇಷ್ಟೊಂದು ಬೇರೆ ಬೇರೆ ಯಾಕೆ ಅನ್ನುವುದಕ್ಕೂ ಇಲ್ಲಿ ಒಂದು ವಿವರಣೆ ಇದೆ. ಹೆತ್ತವರ ಆತಂಕ ಎಲ್ಲ ಮಕ್ಕಳ ಮೇಲೂ ಸಮವಾಗಿ ಬೀಳುವುದಿಲ್ಲ. ಯಾವ ಮಗುವಿನ ಮೇಲೆ ಜಾಸ್ತಿ ಬೀಳುತ್ತದೋ ಆ ಮಗು ಅವರ ಮುಖ ನೋಡಿ ಬದುಕುವುದನ್ನು ಕಲಿಯುತ್ತದೆ. ಪ್ರೀತಿಯ ರೂಪದಲ್ಲೇ ಆತಂಕ ಬಿದ್ದಿರಬಹುದು: ಇವಳು ಸೂಕ್ಷ್ಮ, ಇವಳಿಗೆ ಏನೂ ತಿಳಿಯಲ್ಲ, ಇವಳನ್ನು ನಾನೇ ನೋಡಿಕೊಳ್ಳಬೇಕು. ಗಮನ ಕಡಿಮೆ ಸಿಕ್ಕಿತು ಅಂತ ಕೊರಗುವ ಇನ್ನೊಂದು ಮಗು ಎಷ್ಟೋ ಸಲ ಹೆಚ್ಚು ಬಿಡುಗಡೆಯಾಗಿ ಬೆಳೆದಿರುತ್ತದೆ. ಇದು ತಲೆಮಾರಿನಿಂದ ತಲೆಮಾರಿಗೆ ಹೀಗೇ ಸಾಗುತ್ತದೆ. ನಮ್ಮ ಹೆತ್ತವರೂ ಯಾರದೋ ಆತಂಕ ಹೊತ್ತ ಮಕ್ಕಳೇ. ಇದು ಮನಸ್ಸಿಗೆ ಇಳಿದಾಗ ಅವರ ಮೇಲಿನ ದೂರು ತಾನಾಗಿ ಸ್ವಲ್ಪ ಕರಗುವುದನ್ನು ನಾನು ಬಹಳ ಜನರಲ್ಲಿ ನೋಡಿದ್ದೇನೆ.

ಒಳಗೆ ಕೂತಿರುವ ಮನೆ

ಹೆತ್ತವರು ಪಕ್ಕದಲ್ಲಿ ಇಲ್ಲದಾಗಲೂ ಅವರ ದನಿ ನಮ್ಮ ತಲೆಯಲ್ಲಿ ಮಾತಾಡುತ್ತಿರುತ್ತದೆ. ಭಾನುವಾರ ಮಧ್ಯಾಹ್ನ ಹತ್ತು ನಿಮಿಷ ಸುಮ್ಮನೆ ಮಲಗಿದರೆ "ಇಷ್ಟೊತ್ತಲ್ಲಿ ಮಲಗ್ತಾರಾ ಯಾರಾದ್ರೂ?" ಅಂತ ಒಳಗಿಂದಲೇ ಯಾರೋ ಕೇಳುತ್ತಾರೆ. ಅದನ್ನು ಜನ ತಮ್ಮದೇ ಆತ್ಮಸಾಕ್ಷಿ ಅಂದುಕೊಳ್ಳುತ್ತಾರೆ. ಬೋವೆನ್‌ಗಿಂತ ಮೊದಲೇ ಯೂಂಗ್ ಈ ಒಳಮನೆಯ ಬಗ್ಗೆ ಬರೆದಿದ್ದರು.

1875ರಲ್ಲಿ ಹುಟ್ಟಿದ ಯೂಂಗ್ 1913ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ರಿಂದ ಬೇರೆಯಾದರು. ಆಮೇಲಿನ ವರ್ಷಗಳು ಅವರಿಗೆ ಬಹಳ ಕಷ್ಟದವು. ತಮ್ಮ ಕನಸು, ಕಲ್ಪನೆ, ಭಯಗಳನ್ನೆಲ್ಲ ಬರೆದು, ಚಿತ್ರ ಬಿಡಿಸಿ, ಅವುಗಳ ಜೊತೆ ಮಾತಾಡಿ ನೋಡಿದರು. ಆ ಬರಹ ಅಚ್ಚಾದದ್ದು ಅವರು ತೀರಿಕೊಂಡು ಎಷ್ಟೋ ವರ್ಷ ಆದಮೇಲೆ, 2009ರಲ್ಲಿ. ಆ ಹುಡುಕಾಟದಿಂದ ಬಂದ ವಿಚಾರಗಳಲ್ಲಿ ಮುಖ್ಯವಾದದ್ದು 'ಇಂಡಿವಿಜುಯೇಷನ್'. ಒಬ್ಬ ಮನುಷ್ಯ ನಿಧಾನವಾಗಿ ತಾನು ಆಗಬೇಕಾದವನೇ ಆಗುವುದು. ಇದು ಸ್ವಾರ್ಥವಲ್ಲ, ಜನರಿಂದ ದೂರವಾಗುವುದೂ ಅಲ್ಲ ಅಂತ ಯೂಂಗ್ ಮತ್ತೆ ಮತ್ತೆ ಒತ್ತಿ ಹೇಳಿದರು. ತನ್ನೊಳಗಿನದನ್ನು ಅರಿತವನಿಗೆ ಇತರರ ಜೊತೆ ಇನ್ನಷ್ಟು ನಿಜವಾಗಿ ಸೇರಲು ಆಗುತ್ತದೆ ಅನ್ನುವುದು ಅವರ ನಂಬಿಕೆ.

ಯೂಂಗ್ ಪ್ರಕಾರ ನಾವೆಲ್ಲ ಜಗತ್ತಿಗೆ ತೋರಿಸಲು ಒಂದು ಮುಖವಾಡ ಹಾಕುತ್ತೇವೆ. ಅದು ಬೇಕು, ಅದಿಲ್ಲದೆ ನಾಲ್ಕು ಜನರ ಜೊತೆ ಬದುಕಲು ಆಗುವುದಿಲ್ಲ. ತೊಂದರೆ ಆಗುವುದು ಮುಖವಾಡವೇ ಮುಖ ಅಂದುಕೊಂಡಾಗ. ಮನೆಗಳಲ್ಲಿ ಇದಕ್ಕೆ ಪಾತ್ರಗಳೇ ಇರುತ್ತವೆ. ಒಬ್ಬ ಜವಾಬ್ದಾರಿಯ ಮಗ, ಒಬ್ಬಳು ಹೊಂದಿಕೊಂಡು ಹೋಗುವ ಮಗಳು, ಒಬ್ಬ ಎಲ್ಲರನ್ನೂ ನಗಿಸುವವನು, ಒಬ್ಬ ತಲೆನೋವಿನವನು. ಜವಾಬ್ದಾರಿಯ ಮಗನಿಗೆ ದಣಿವಾಗಬಾರದು. ಹೊಂದಿಕೊಂಡು ಹೋಗುವವಳಿಗೆ ಸಿಟ್ಟು ಬರಬಾರದು. ಬಂದ ಸಿಟ್ಟು ಎಲ್ಲಿ ಹೋಗಬೇಕು? ಕೆಳಗೆ ಹೋಗುತ್ತದೆ. ಹೀಗೆ ಕೆಳಗೆ ತಳ್ಳಿದ್ದೆಲ್ಲ ಸೇರಿದ ಭಾಗವನ್ನು ಯೂಂಗ್ ನೆರಳು ಅಂತ ಕರೆದರು.

ನೆರಳನ್ನು ಗುರುತಿಸಲು ಅವರು ತೋರಿಸಿದ ಗುರುತು ಬಹಳ ಉಪಯೋಗದ್ದು. ಬೇರೆಯವರಲ್ಲಿ ಯಾವ ಗುಣ ಕಂಡರೆ ಅಳತೆ ಮೀರಿ ಕಿರಿಕಿರಿ ಆಗುತ್ತದೋ ಅಲ್ಲಿ ನೋಡಿ. ಎಲ್ಲರಿಗಾಗಿ ದುಡಿದು ಸವೆಯುವ ಅಕ್ಕನಿಗೆ, ತನಗೆ ಬೇಕಾದ್ದನ್ನು ಸಲೀಸಾಗಿ ಕೇಳಿ ಪಡೆಯುವ ತಂಗಿಯನ್ನು ಕಂಡರೆ ಮೈ ಉರಿಯುತ್ತದೆ. "ಎಷ್ಟು ಸ್ವಾರ್ಥಿ ನೋಡು ಅವಳು." ತಂಗಿ ಸ್ವಾರ್ಥಿ ಇರಬಹುದು, ಇಲ್ಲದಿರಬಹುದು. ಆದರೆ ಉರಿ ಇಷ್ಟು ಯಾಕೆ? ತನಗೂ ಏನಾದರೂ ಬೇಕು ಅಂತ ಕೇಳುವ ಹಕ್ಕನ್ನು ಅಕ್ಕ ಯಾವತ್ತೋ ಕೆಳಗೆ ತಳ್ಳಿದ್ದಾಳೆ. ಅದು ಈಗ ತಂಗಿಯ ಮೈಯಲ್ಲಿ ಓಡಾಡುತ್ತಿರುವಂತೆ ಕಾಣುತ್ತದೆ. ಅಕ್ಕ ಇದನ್ನು ಕಂಡುಕೊಂಡ ದಿನ ತಂಗಿಯ ಮೇಲಿನ ಉರಿ ಅರ್ಧ ಇಳಿಯುತ್ತದೆ. ಜೊತೆಗೆ ತಾನೂ ಒಂದು ಸಣ್ಣ ವಿಷಯದಲ್ಲಿ "ಇದು ನನಗೆ ಬೇಕು" ಅನ್ನಲು ಶುರು ಮಾಡಬಹುದು.

ಹೆತ್ತವರು ಬದುಕದೆ ಬಿಟ್ಟ ಬದುಕು ಮಕ್ಕಳ ಮೇಲೆ ದೊಡ್ಡ ಭಾರ ಅಂತಲೂ ಯೂಂಗ್ ಹೇಳಿದರು. ಓದಲು ಆಗದ ಅಪ್ಪನ ಓದು, ಹಾಡಲು ಬಿಡದ ಅಮ್ಮನ ಹಾಡು ಮಕ್ಕಳ ಹೆಗಲಿಗೆ ಬರುತ್ತದೆ. ಮಕ್ಕಳು ಅದನ್ನು ತಮ್ಮದೇ ಆಸೆ ಅಂದುಕೊಂಡು ಅರ್ಧ ಜೀವಮಾನ ಓಡುತ್ತಾರೆ. ಕೆಲವೊಮ್ಮೆ ಅದು ನಿಜವಾಗಿಯೂ ತಮ್ಮದೇ ಆಗಿರುತ್ತದೆ. ಆದ್ದರಿಂದ ಇದು ಅಪ್ಪನದು ಅಂತ ಬಿಸಾಡುವ ಆತುರ ಬೇಡ. ಯಾರದು ಅಂತ ವಿಚಾರಿಸಿ ನೋಡಬೇಕು, ಅಷ್ಟೇ.

ಈ ವಿಚಾರಣೆಗೆ ಡೈರಿ ಬರೆಯುವುದು ಸಹಾಯ ಮಾಡುತ್ತದೆ. ಅದರಲ್ಲೂ ಒಂದು ಘಟನೆ, ಆಗ ಮೈಯಲ್ಲಿ ಏನಾಯಿತು, ತಲೆಯಲ್ಲಿ ಯಾವ ವಾಕ್ಯ ಬಂತು, ಆ ವಾಕ್ಯ ಯಾರ ದನಿಯಲ್ಲಿತ್ತು ಅಂತ ಬರೆದರೆ ತುಂಬಾ ವಿಷಯ ಹೊರಗೆ ಬರುತ್ತದೆ. ಆದರೆ ಒಳಗಿನ ಕೆಲಸ ಒಂದರಲ್ಲೇ ಮುಳುಗಿದವರಿಗೆ ಒಂದು ಅಪಾಯ ಇದೆ. ಪುಟಗಟ್ಟಲೆ ಬರೆದು, ಗಂಟೆಗಟ್ಟಲೆ ಧ್ಯಾನ ಮಾಡಿ, ತಾನು ಬದಲಾಗಿದ್ದೇನೆ ಅಂದುಕೊಂಡು ಮನೆಗೆ ಹೋದರೆ, ಅಪ್ಪನ ಮೊದಲ ಮಾತಿಗೇ ಎಲ್ಲ ಹಾರಿಹೋಗುತ್ತದೆ. ಅರಿವು ಗಟ್ಟಿಯಾಗುವುದು ಆ ಜನರ ಎದುರಿಗೇ. ಹಾಗೆಯೇ ಒಳಗೆ ನೋಡಿಕೊಳ್ಳದೆ ಬರೀ ನಿಲುವು ತೆಗೆದುಕೊಳ್ಳಲು ಹೊರಟವರು ತಮ್ಮ ಹಳೇ ಸಿಟ್ಟಿಗೇ 'ನಿಲುವು' ಅಂತ ಹೆಸರಿಟ್ಟು ಮನೆಯವರ ಮೇಲೆ ಎಸೆಯುತ್ತಾರೆ. ಎರಡೂ ಜೊತೆಗೆ ಸಾಗಬೇಕು.

ಒಟ್ಟಿಗಿರುವವರಿಗೆ ಇದು ಹೊಂದುತ್ತದೆಯೇ?

ಇದೆಲ್ಲ ಒಂಟಿಯಾಗಿ ಬದುಕುವ ಸಮಾಜಗಳ ಮಾತು, ಕುಟುಂಬವೇ ಎಲ್ಲ ಅನ್ನುವವರಿಗೆ ಹೊಂದುವುದಿಲ್ಲ ಅಂತ ಒಂದು ಆಕ್ಷೇಪ ಇದೆ. ಇದು ಗಂಭೀರವಾದ ಆಕ್ಷೇಪ. ಟರ್ಕಿಯ ಮನೋವಿಜ್ಞಾನಿ ಚಿದೆಮ್ ಕಾತ್ಚಿಬಾಶಿ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಅವರು ಹೇಳಿದ್ದು: ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಂಡಿದ್ದೇವೆ. ಇತರರಿಗೆ ಎಷ್ಟು ಹತ್ತಿರ ಇದ್ದೇನೆ ಅನ್ನುವುದು ಒಂದು ಪ್ರಶ್ನೆ. ನನ್ನ ನಿರ್ಧಾರ ಯಾರ ಕೈಯಲ್ಲಿದೆ ಅನ್ನುವುದು ಇನ್ನೊಂದು. ತುಂಬಾ ಹತ್ತಿರ ಇದ್ದು ತನ್ನ ನಿರ್ಧಾರ ತಾನೇ ಮಾಡುವವರು ಇದ್ದಾರೆ. ದೂರ ಇದ್ದೂ ಬೇರೆಯವರ ಕೈಗೊಂಬೆ ಆದವರು ಇದ್ದಾರೆ. 2003ರಲ್ಲಿ ದಕ್ಷಿಣ ಕೊರಿಯಾ, ರಷ್ಯಾ, ಟರ್ಕಿ, ಅಮೆರಿಕಗಳ ವಿದ್ಯಾರ್ಥಿಗಳನ್ನು ಹೋಲಿಸಿ ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. ತಾವು ಮಾಡುವುದನ್ನು ಮನಸಾರೆ ಒಪ್ಪಿ ಮಾಡುವವರ ನೆಮ್ಮದಿ ನಾಲ್ಕೂ ಕಡೆ ಹೆಚ್ಚಿತ್ತು.

ಇದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಅಂಶ ಒಂದಿದೆ. ಹೆತ್ತವರ ಮಾತಿನಂತೆ ನಡೆಯುವುದೂ ನಮ್ಮದೇ ನಿರ್ಧಾರ ಆಗಬಹುದು. ವಯಸ್ಸಾದ ಅಪ್ಪನನ್ನು ನೋಡಿಕೊಳ್ಳಲು ಒಬ್ಬಳು ದೊಡ್ಡ ಕೆಲಸ ಬಿಟ್ಟು ಬರಬಹುದು. ಹೆದರಿ ಬಂದಳೋ, ಯೋಚಿಸಿ, ಕಳೆದುಕೊಳ್ಳುವುದೇನು ಅಂತ ತಿಳಿದು, ಒಪ್ಪಿ ಬಂದಳೋ? ಹೊರಗಿನಿಂದ ಎರಡೂ ಒಂದೇ. ಹತ್ತು ವರ್ಷ ಆದಮೇಲೆ ಮನೆಯ ಗಾಳಿಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಎಲ್ಲಿಂದ ಶುರು ಮಾಡುವುದು

1967ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಕುಟುಂಬ ಚಿಕಿತ್ಸಕರ ಒಂದು ಸಭೆಯಲ್ಲಿ ಬೋವೆನ್ ಸಿದ್ಧಾಂತ ಮಂಡಿಸುವರು ಅಂತ ಎಲ್ಲರೂ ಕಾದಿದ್ದರು. ಅವರು ಹೇಳಿದ್ದು ತಮ್ಮದೇ ಮನೆಯ ಕತೆ. ಒಡಹುಟ್ಟಿದವರ ಬೆನ್ನ ಹಿಂದೆ ಯಾರು ಏನು ಮಾತಾಡುತ್ತಿದ್ದಾರೆ ಅನ್ನುವುದನ್ನು ಪತ್ರ ಬರೆದು ಅವರಿಗೇ ತಿಳಿಸಿ, ಆಮೇಲೆ ಮನೆಗೆ ಹೋಗಿ ಎಲ್ಲರ ನಡುವೆ ಕೂತು, ಯಾರ ಪರವೂ ವಹಿಸದೆ, ಯಾರಿಂದಲೂ ದೂರ ಸರಿಯದೆ ಇದ್ದದ್ದು ಹೇಗೆ ಅಂತ ವಿವರಿಸಿದರು. ಮನೆಯವರ ಖಾಸಗಿತನ ಉಳಿಸಲು ಆ ಭಾಷಣದ ಲೇಖನರೂಪವನ್ನು 1972ರಲ್ಲಿ ಹೆಸರಿಲ್ಲದೆ ಪ್ರಕಟಿಸಬೇಕಾಯಿತು. ಆಮೇಲೆ ಅವರು ಇನ್ನೊಂದನ್ನು ಗಮನಿಸಿದರು. ಅವರ ಕೈಕೆಳಗೆ ಕಲಿಯುತ್ತಿದ್ದ ಯುವ ವೈದ್ಯರಲ್ಲಿ ತಮ್ಮ ಹುಟ್ಟಿದ ಮನೆಗೆ ಹೋಗಿ ಈ ಕೆಲಸ ಮಾಡಿದವರು ತಮ್ಮ ಸಂಸಾರದಲ್ಲೂ ಚೆನ್ನಾಗಿ ಮುಂದೆ ಬಂದಿದ್ದರು. ವಾರವಾರ ಚಿಕಿತ್ಸೆಗೆ ಹೋಗುತ್ತಿದ್ದವರಿಗಿಂತ ಅವರೇನೂ ಹಿಂದೆ ಬಿದ್ದಿರಲಿಲ್ಲ.

ಅವರ ಪತ್ರದ ಉಪಾಯವನ್ನು ಯಾರೂ ಹಾಗೇ ನಕಲು ಮಾಡಬಾರದು. ಅನುಭವ ಇಲ್ಲದವರ ಕೈಯಲ್ಲಿ ಅದು ಬೆಂಕಿ ಹಚ್ಚುತ್ತದೆ. ಶುರು ಮಾಡಲು ಒಂದು ಕಾಗದ ಸಾಕು. ಮೂರು ತಲೆಮಾರಿನ ನಕ್ಷೆ ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಹುಟ್ಟಿದ ವರ್ಷ, ಸತ್ತ ವರ್ಷ, ಮದುವೆ, ಕಾಯಿಲೆ, ಊರು ಬಿಟ್ಟದ್ದು, ಆಸ್ತಿ ಕಳೆದದ್ದು. ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ವರ್ಷದಿಂದ. ಖಾಲಿ ಉಳಿದ ಜಾಗಗಳನ್ನು ತುಂಬಲು ಅತ್ತೆ, ಚಿಕ್ಕಪ್ಪ, ದೊಡ್ಡಮ್ಮನನ್ನು ಕೇಳಬೇಕಾಗುತ್ತದೆ. ಕೇಳುತ್ತ ಹೋದಂತೆ ದೂರು ಹೇಳುವ ಮಗ ಅಥವಾ ಮಗಳಾಗಿದ್ದವರು ಕುತೂಹಲದಿಂದ ಕೇಳುವ ದೊಡ್ಡವರಾಗುತ್ತಾರೆ. ಅಮ್ಮನ ಅತಿಯಾದ ಭಯದ ಹಿಂದೆ, ಅವರು ಎಂಟು ವರ್ಷದವರಿದ್ದಾಗ ತೀರಿಕೊಂಡ ಪುಟ್ಟ ತಮ್ಮನೊಬ್ಬ ಇದ್ದ ಅಂತ ನಕ್ಷೆ ಬರೆಯುವಾಗಲೇ ಗೊತ್ತಾಗಬಹುದು.

ಆಮೇಲಿನ ಹೆಜ್ಜೆ ನೋಡುವುದು. ಮುಂದಿನ ಸಲ ಮನೆಗೆ ಹೋದಾಗ ಏನನ್ನೂ ಬದಲಾಯಿಸಲು ಹೋಗಬೇಡಿ. ಯಾವ ಮಾತಿಗೆ ನಿಮ್ಮ ದವಡೆ ಬಿಗಿಯಿತು, ಯಾವಾಗ ಮೊಬೈಲ್ ಹಿಡಿದಿರಿ, ಯಾರ ಮುಖ ಸಪ್ಪಗಾದಾಗ ತಮಾಷೆ ಮಾಡಲು ಹೊರಟಿರಿ ಅಂತ ಗಮನಿಸಿ. ಎರಡು ದಿನವೇ ತಡೆದುಕೊಳ್ಳಲು ಆಗುವುದಾದರೆ ಎರಡೇ ದಿನ ಇರಿ. ನಿಲುವು ತೆಗೆದುಕೊಳ್ಳುವುದನ್ನು ಸಣ್ಣ ವಿಷಯದಿಂದ ಶುರು ಮಾಡಿ. ಮದುವೆ, ಆಸ್ತಿ, ಧರ್ಮದಂಥ ಕೆಂಡದ ವಿಷಯಗಳು ಅಭ್ಯಾಸ ಮಾಡುವ ಜಾಗಗಳಲ್ಲ.

ಒಂದು ನಿಲುವಿನಲ್ಲಿ ನಿಂತಾಗ ಮನೆಯಿಂದ ಪ್ರತಿಕ್ರಿಯೆ ಬಂದೇ ಬರುತ್ತದೆ. ಅದರ ಕ್ರಮವನ್ನೂ ಬೋವೆನ್ ಗುರುತಿಸಿದ್ದರು. ಮೊದಲು, ನೀನು ಮಾಡುತ್ತಿರುವುದು ತಪ್ಪು. ಆಮೇಲೆ, ಮೊದಲಿನ ಹಾಗೆ ಆಗು, ನಿನ್ನನ್ನು ಒಪ್ಪಿಕೊಳ್ಳುತ್ತೇವೆ. ಕೊನೆಗೆ, ಆಗದಿದ್ದರೆ ಪರಿಣಾಮ ಎದುರಿಸು. "ಇವಳು ಮೊದಲು ಹೀಗಿರಲಿಲ್ಲ" ಅನ್ನುವ ಮಾತು ಈ ಹೊತ್ತಿನಲ್ಲಿ ಬರುತ್ತದೆ. ಹೆಚ್ಚಿನವರು ಇಲ್ಲೇ ಕೈಬಿಡುತ್ತಾರೆ, ತಾವು ನಿಜಕ್ಕೂ ತಪ್ಪು ಮಾಡುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಈ ಕ್ರಮ ಮೊದಲೇ ಗೊತ್ತಿದ್ದರೆ ಅಷ್ಟು ಗಾಬರಿ ಆಗುವುದಿಲ್ಲ. ತಿರುಗಿ ದಾಳಿ ಮಾಡದೆ, ಮುನಿಸಿಕೊಂಡು ಮಾತು ಬಿಡದೆ, ಸಮಜಾಯಿಷಿ ಕೊಡುತ್ತ ಕೂರದೆ ನಿಂತವರನ್ನು ಮನೆಯವರು ಎಷ್ಟೋ ಸಲ ಕೊನೆಗೆ ಮೊದಲಿಗಿಂತ ಹೆಚ್ಚು ಗೌರವದಿಂದ ನೋಡತೊಡಗುತ್ತಾರೆ. ಕೆಲವೊಮ್ಮೆ ಮನೆಯ ಇನ್ನೊಬ್ಬರೂ ತಮ್ಮ ಮಾತು ತಾವು ಆಡಲು ಶುರು ಮಾಡುತ್ತಾರೆ.

ಈ ದಾರಿಗೂ ಮಿತಿ ಇದೆ. ಹೊಡೆತ, ಲೈಂಗಿಕ ದೌರ್ಜನ್ಯ, ಜೀವಭಯ ಇರುವ ಕಡೆ ಸಂಪರ್ಕ ಉಳಿಸಿಕೊಳ್ಳಿ ಅಂತ ಯಾರಿಗೂ ಹೇಳಬಾರದು. ಅಲ್ಲಿ ದೂರ ಹೋಗುವುದೇ ಸರಿ, ಮೊದಲು ಸುರಕ್ಷತೆ. ಇನ್ನೊಂದು ಟೀಕೆ ಸ್ತ್ರೀವಾದಿ ಚಿಕಿತ್ಸಕಿಯರಿಂದ 1980ರ ದಶಕದಲ್ಲಿ ಬಲವಾಗಿ ಬಂತು. ಬೋವೆನ್ ಯೋಚನೆಗೆ ಕೊಟ್ಟ ಬೆಲೆಯನ್ನು ಭಾವನೆಗೆ ಕೊಡಲಿಲ್ಲ, ಮಕ್ಕಳನ್ನು ಅತಿಯಾಗಿ ಹಚ್ಚಿಕೊಂಡ ತಾಯಿಯನ್ನು ಕಂಡರು, ಅವಳನ್ನು ಆ ಸ್ಥಿತಿಗೆ ತಂದ ಅಸಮಾನತೆಯನ್ನು ಸಾಕಷ್ಟು ಕಾಣಲಿಲ್ಲ ಅಂತ. ಈ ಟೀಕೆ ನ್ಯಾಯವಾದದ್ದು. ಕೈಯಲ್ಲಿ ಸ್ವಂತ ದುಡ್ಡಿಲ್ಲದ, ಹೋಗಲು ಬೇರೆ ಜಾಗ ಇಲ್ಲದ ಹೆಣ್ಣಿಗೆ "ನಿನ್ನ ನಿಲುವು ಗಟ್ಟಿಯಾಗಿ ಹೇಳು" ಅನ್ನುವುದು ಸುಲಭ. ಅವಳ ಬೆನ್ನಿಗೆ ಮೊದಲು ಕೆಲಸ, ಆಸರೆ, ಕಾನೂನು ಇರಬೇಕಾಗುತ್ತದೆ. ಆತಂಕ, ಖಿನ್ನತೆ ಜೋರಾಗಿರುವವರು ಇದನ್ನು ಒಬ್ಬರೇ ಮಾಡಲು ಹೋಗದೆ ಕೌನ್ಸೆಲರ್ ಜೊತೆ ಮಾಡುವುದು ಒಳ್ಳೆಯದು.

ಹೆತ್ತವರು ಈಗಾಗಲೇ ತೀರಿಕೊಂಡಿದ್ದರೆ ಏನು ಮಾಡಬೇಕು ಅಂತ ಬಹಳ ಜನ ನೋವಿನಿಂದ ಕೇಳುತ್ತಾರೆ. ಅವರಿಗೂ ಕೆಲಸ ಮುಗಿದಿಲ್ಲ. ಅಪ್ಪನ ತಂಗಿ ಇರಬಹುದು, ಅಮ್ಮನ ಹಳೇ ಗೆಳತಿ ಇರಬಹುದು, ಒಂದು ಪೆಟ್ಟಿಗೆ ತುಂಬ ಪತ್ರಗಳು ಇರಬಹುದು. ಅಪ್ಪ ಇಪ್ಪತ್ತೈದರ ವಯಸ್ಸಿನಲ್ಲಿ ಹೇಗಿದ್ದರು, ಯಾವುದಕ್ಕೆ ಹೆದರುತ್ತಿದ್ದರು, ಅವರ ಅಪ್ಪನ ಎದುರು ಹೇಗೆ ನಿಲ್ಲುತ್ತಿದ್ದರು ಅಂತ ಅವರನ್ನು ಕೇಳಬಹುದು. ಮಾತು ಬಿಟ್ಟ ಅಣ್ಣನಿಗೆ ಒಂದು ಫೋನ್ ಮಾಡಬಹುದು. ಮೊದಲ ಕರೆಯಲ್ಲಿ ಹಳೇ ಲೆಕ್ಕ ತೆಗೆಯದೆ, ಮಕ್ಕಳು ಹೇಗಿದ್ದಾರೆ ಅಂತ ವಿಚಾರಿಸಿ, ಮತ್ತೆ ಹದಿನೈದು ದಿನಕ್ಕೆ ಮಾಡುತ್ತೇನೆ ಅಂತ ಹೇಳಿ ಇಟ್ಟರೂ ಸಾಕು. ಹೇಳಿದ ದಿನ ತಪ್ಪದೆ ಮಾಡಬೇಕು.